ತುದಿ ಮೊದಲಿಲ್ಲದ ದೋಣಿ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ, ಸುಮಾರು 240 ಕಿಲೋಮೀಟರು ಉದ್ದದ ಒಂದು ಕಾಲುವೆಯುಂಟು. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್ ಪೋಲ್ ರಿಕೆ ಎಂಬಾತನು 1666ರಲ್ಲಿ ಅದನ್ನು ತೋಡಿಸಲಾರಂಭಿಸಿದನು. 1680ರಲ್ಲಿ ಅವನು ಕಣ್ಮುಚ್ಚಿದ ಮರುವರ್ಷ ಅದು ಸಂಚಾರಕ್ಕೆ ತೆರವಾಯಿತು. ಗೋಧಿ, ದ್ರಾಕ್ಷಾರಸ ಮುಂತಾದ ಪದಾರ್ಥಗಳು ಸಾಗುತ್ತಿದ್ದ ಆ ಜಲಮಾರ್ಗದಲ್ಲಿ ಈಗ ಸಾಗುವ ಸರಕು ವಿರಾಮವೊಂದೇ. ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಎರಡು ದಡಗಳ ಮರಗಳ ನೆರಳಿನಲ್ಲಿ, ದಡದ ಮೇಲೆ ನಡೆಯುವವನನ್ನು ಹಿಂದೆ ಹಾಕುವ ಆತುರವೂ ಇಲ್ಲದೆ, ಜಲದ್ವಾರಗಳ ಬಳಿ ನೀರು ಏರಿ ಇಳಿಯುವವರೆಗೆ ಕಾದು, ಒಂದು ಹಗಲನ್ನೆಲ್ಲ ಮೂರು ನಾಲ್ಕು ಹರಿದಾರಿಯಲ್ಲಿ ಮುಗಿಸಿಬಿಡುವ ಈ ವಿನೋದಕ್ಕಾಗಿ ಜನರು ದೇಶದೇಶಗಳಿಂದ ಬರುತ್ತಾರೆ.

ಕಾಲುವೆಯ ವಿಷಯದಲ್ಲಿ ಹೊಸಪೇಟೆಯ ಸೀಮೆಯವರು ಯಾರಿಗೂ ಕಡಮೆಯವರಲ್ಲ. ರಿಕೆಯ ಕಾಲಕ್ಕಿಂತ ಬಹು ಹಿಂದೆಯೇ ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆಗಳನ್ನು ಹಾಕಿಸಿ, ಹೊಳೆಯ ನೀರನ್ನು ಬಂಡೆಗಳ ಸಂದಿಯಲ್ಲಿ ನಡೆಸಿಕೊಂಡು ಬಂದು ಹೊಲಕ್ಕೂ ನಗರಕ್ಕೂ ಹಂಚಿದರು. 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ರಾಜಧಾನಿಯೊಳಗೆ ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುತ್ತಿದ್ದ ನೀರನ್ನು ಕಂಡು ಬೆರಗಾದುದನ್ನು ಬರೆದಿಟ್ಟಿದ್ದಾನೆ. ಒಂದು ಶತಮಾನದ ತರುವಾಯ ಬಂದ ಕುದುರೆ ವ್ಯಾಪಾರಿ ನೂನಿಜನು, ಹಿಂದಿನ ಅರಸನೊಬ್ಬನು ಹೊಳೆಗೆ ಬಂಡೆಗಳನ್ನು ಉರುಳಿಸಿ ಕಟ್ಟೆ ಕಟ್ಟಿಸಿದ ವೃತ್ತಾಂತವನ್ನೂ, ಆ ನೀರಿನಿಂದ ನಗರದ ಸುತ್ತ ತೋಟಗಳೆದ್ದುದನ್ನೂ ಹೇಳುತ್ತಾನೆ. ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ಎಂಬ ಹೆಸರುಗಳು ಇಂದಿಗೂ ರೈತರ ಬಾಯಲ್ಲಿವೆ. ಅವುಗಳ ನೀರು ಇಂದಿಗೂ ಬಾಳೆಗೆ, ಕಬ್ಬಿಗೆ, ಭತ್ತಕ್ಕೆ ಹರಿಯುತ್ತಿದೆ. ಅರಮನೆಯ ತಳಪಾಯವಷ್ಟೇ ಉಳಿದಿರುವ ಊರಿನಲ್ಲಿ ಅರಮನೆಯವರು ತೋಡಿಸಿದ ಕಾಲುವೆ ಮಾತ್ರ ತನ್ನ ಕೆಲಸವನ್ನು ಬಿಟ್ಟಿಲ್ಲ.

ಆದರೆ ಈ ಕಾಲುವೆಗಳಲ್ಲಿ ದೋಣಿಯಿಲ್ಲ. ಗುಂಡುಗಳ ನಡುವೆ ಬಳುಕುತ್ತ, ಅಲ್ಲಲ್ಲಿ ಒಮ್ಮೆಲೇ ಇಳಿಯುತ್ತ ಹೋಗುವ ಈ ಕಿರಿದಾದ ನೀರುಹಾದಿಗಳನ್ನು ಹೊಲದ ಸಲುವಾಗಿ ತೋಡಿದರೇ ಹೊರತು ಪಯಣಕ್ಕಾಗಿ ಅಲ್ಲ. ತುಂಗಭದ್ರೆಯ ನೀರನ್ನು ನೆಚ್ಚಿ ಹೊಲವನ್ನೂ ದೋಣಿಯನ್ನೂ ಒಂದೇ ಕಾಲುವೆಯಿಂದ ಸಾಕಬೇಕೆಂಬ ಸಾಹಸವೊಂದು ನಡೆದುದು ಕೆಳಗೆ, ಕರ್ನೂಲಿನ ಕಡೆ: ಸುಂಕೇಸುಲದಿಂದ ಕಡಪದವರೆಗೆ 1863ರಲ್ಲಿ ಮೊದಲಾಗಿ 1870ರ ವೇಳೆಗೆ ಮುಗಿದ ಕಾಲುವೆಯಲ್ಲಿ. ಅದನ್ನು ತೋಡಿದ ಮದರಾಸಿನ ಕಂಪನಿಗೆ ಲಾಭ ಹುಟ್ಟಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ದೋಣಿಗಳು ಅದರಲ್ಲಿ ಓಡಾಡಿ ನಿಂತುಹೋದವು. ಹೀಗೆ ನಮ್ಮ ಕಡೆ ಕಾಲುವೆ ಹೊಲದ ಪಾಲಾಯಿತು, ದೋಣಿ ಹೊಳೆಯಲ್ಲೇ ಉಳಿಯಿತು. ಆ ದೋಣಿಯ ಹೆಸರು ಹರಿಗೋಲು. ಹಂಪಿ, ಆನೆಗೊಂದಿಗಳ ಜನ ಹರಗೋಲು ಎನ್ನುತ್ತಾರೆ, ತೆಪ್ಪವೆಂದೂ ಕರೆಯುವುದುಂಟು.

ಈ ಹರಿಗೋಲನ್ನು ಕುರಿತು ಓದಿದವರಿಗೆಲ್ಲ ಮೊದಲು ಸಿಕ್ಕುವ ಸಾಕ್ಷಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಅವನು ಆನೆಗೊಂದಿಯ ಕಡೆಗೆ ಜನರು ಹೊಳೆ ದಾಟುವುದನ್ನು ನೋಡಿ ಹೇಳಿದ ಸಂಗತಿಗಳ ಸಾರ ಇಷ್ಟು: ದೋಣಿಗಳು ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿ ಕೂಡುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಒಯ್ಯಬಹುದು, ಇವು ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ, ಈ ರಾಜ್ಯದ ಹೊಳೆಗಳಲ್ಲೆಲ್ಲ ಬೇರೆ ಬಗೆಯ ದೋಣಿಯೇ ಇಲ್ಲ. ಪಾಯೆಸನು ಕಂಡ ಅರಮನೆ ಸುಟ್ಟಿತು, ಅವನು ಅಳೆದು ನೋಡಿದ ಪೇಟೆ ಹಾಳಾಯಿತು, ಅವನು ಕಣ್ಣರಳಿಸಿ ಬಣ್ಣಿಸಿದ ನವರಾತ್ರಿಯ ಮೆರವಣಿಗೆ ಮಹಾನವಮಿ ದಿಬ್ಬದ ಕಲ್ಲಿನಲ್ಲಷ್ಟೇ ನಡೆಯುತ್ತಿದೆ. ಅವನ ಕಣ್ಣಿಗೆ ಬಿದ್ದವುಗಳಲ್ಲಿ ಇಂದಿಗೂ ನಾವು ಕಾಲಿಟ್ಟು ಕೂರಬಹುದಾದ ವಾಹನವೆಂದರೆ ಈ ದುಂಡು ದೋಣಿಯೊಂದೇ.

ಪಾಯೆಸನ ಈ ಮಾತುಗಳನ್ನು ಚಕ್ರತೀರ್ಥದ ದಡದಲ್ಲಿ ಹರಿಗೋಲು ನಡೆಸುವ ಹಿರಿಯರೊಬ್ಬರಿಗೆ ಓದಿ ಹೇಳಬೇಕೆಂಬುದು ನನ್ನ ಬಹುದಿನದ ಆಸೆ. ಎಪ್ಪತ್ತನ್ನು ದಾಟಿದ ಈ ತಾತನ ಹೆಸರನ್ನು ಬರೆಯಬಾರದೆಂಬುದು ಅವರದೇ ಕಟ್ಟಪ್ಪಣೆ. ಹೆಸರು ಪತ್ರಿಕೆಯಲ್ಲಿ ಬಂದರೆ ಅಧಿಕಾರಿಗಳು ಬರುತ್ತಾರೆ, ಅಧಿಕಾರಿಗಳು ಬಂದರೆ ಕಾಗದ ಕೇಳುತ್ತಾರೆ ಎಂಬುದು ಅವರ ಸರಳವಾದ ತರ್ಕ. ಮಾಘ ಮಾಸದ ಒಂದು ಬೆಳಗ್ಗೆ, ಕೋದಂಡರಾಮ ದೇವಾಲಯದ ಮುಂದೆ ಹೊಳೆ ಉತ್ತರಕ್ಕೆ ತಿರುಗುವ ಮಡುವಿನ ಮೇಲೆ, ಪಾಯೆಸನ ವರ್ಣನೆಯನ್ನು ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಹೇಳಿದೆ. ತಾತ ತೊಗಲಿನ ಮಾತಿಗೆ ತಲೆದೂಗಿದರು, ಇಪ್ಪತ್ತು ಮಂದಿಯ ಮಾತಿಗೆ ಹುಬ್ಬೇರಿಸಿದರು, ಸುತ್ತುತ್ತಲೇ ಇರುತ್ತದೆಂಬ ಮಾತಿಗೆ ಮಾತ್ರ ಹುಟ್ಟನ್ನು ತೊಡೆಯ ಮೇಲೆ ಅಡ್ಡಹಾಕಿ ಕೂತುಬಿಟ್ಟರು.

“ತಿರುಗೂದು ಹರಗೋಲಿನ ಚಟ ಅಲ್ರಿ ಸಾರ್, ಹುಟ್ಟು ಹಿಡಿದವನ ಚಟ. ಆ ಸಾಹೇಬ ಯಾವನೋ ಹೊಸ ಹುಡುಗನ ಹರಗೋಲು ಹತ್ತ್ಯಾನ.” ಸ್ವಲ್ಪ ಹೊತ್ತು ಬಿಟ್ಟು, “ಅವಂಗ ಎಷ್ಟು ತಗೊಂಡಿದ್ರಂತ?” ಎಂದು ಕೇಳಿದರು. ಪಾಯೆಸನು ಬಾಡಿಗೆಯನ್ನು ಬರೆದಿಲ್ಲವೆಂದು ತಿಳಿದಾಗ ಅವರಿಗೆ ಆ ಗ್ರಂಥದ ಮೇಲೆ ಇದ್ದ ಗೌರವ ಇನ್ನಷ್ಟು ಇಳಿದಂತೆ ಕಂಡಿತು.

ಐನೂರು ವರ್ಷದ ಈ ಆಕ್ಷೇಪಕ್ಕೆ ತಾತ ಕೊಟ್ಟ ಉತ್ತರ ಬಾಯಿಂದ ಬಂದುದಕ್ಕಿಂತ ಕೈಯಿಂದ ಬಂದುದೇ ಹೆಚ್ಚು. ಸಾಮಾನ್ಯ ದೋಣಿಗೆ ಮೂತಿಯುಂಟು, ಹಿಂಬದಿಯುಂಟು. ಅದು ಯಾವ ಕಡೆ ಹೋಗಬೇಕೆಂಬುದನ್ನು ಅದನ್ನು ಕಡೆದ ಬಡಗಿಯೇ ಅರ್ಧ ನಿಶ್ಚಯಿಸಿಬಿಟ್ಟಿರುತ್ತಾನೆ. ಹರಿಗೋಲಿಗೆ ಅಂಥ ಪೂರ್ವನಿಶ್ಚಯ ಯಾವುದೂ ಇಲ್ಲ. ಅಂಬಿಗನು ಅಂಚಿನ ಯಾವ ಬಿಂದುವಿನ ಬಳಿ ಮಂಡಿಯೂರಿ ಕೂತನೋ ಅದೇ ಆ ಗಳಿಗೆಯ ಮುಂಭಾಗ. ಬೇರೆ ದೋಣಿಗಳಲ್ಲಿ ಹುಟ್ಟು ನೀರನ್ನು ಹಿಂದಕ್ಕೆ ತಳ್ಳಿದರೆ, ಇಲ್ಲಿ ಒಂದೇ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳಬೇಕು. ನೇರವಾಗಿ ಸೆಳೆದರೆ ದೋಣಿ ಒಂದು ಮಗ್ಗುಲಿಗೆ ಹೊರಳುತ್ತದೆ. ಆದ್ದರಿಂದ ಹುಟ್ಟಿನ ಅಲಗು ನೀರಿನೊಳಗೆ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹಾಕುತ್ತ, ಒಂದು ಸುತ್ತು ಹುಟ್ಟಿಸಿದ ತಿರುಗಾಟವನ್ನು ಇನ್ನೊಂದು ಅಳಿಸುವಂತೆ, ಮಣಿಕಟ್ಟಿನ ಸೂಕ್ಷ್ಮವಾದ ಒಂದು ಹೊರಳಿಕೆಯಿಂದಲೇ ನಡೆಯಬೇಕು. ತಾತ ಎದುರು ದಡದ ಒಂದು ಬಂಡೆಯನ್ನು ತೋರಿಸಿ, ಅದರ ಮೇಲೆ ಕಣ್ಣಿಡುವಂತೆ ನನಗೆ ಹೇಳಿ, ಮಡುವನ್ನು ದಾಟಿಸಿದರು. ಆ ಬಂಡೆ ನನ್ನ ದೃಷ್ಟಿಯಿಂದ ಎಡಕ್ಕಾಗಲಿ ಬಲಕ್ಕಾಗಲಿ ಸರಿಯಲಿಲ್ಲ. ಅಲ್ಲಿ ಮುಟ್ಟಿದ ಮೇಲೆ, ಪಾಯೆಸನ ಮರ್ಯಾದೆಗೂ ಇರಲೆಂದು, ಹುಟ್ಟನ್ನು ಒಂದೇ ಕಡೆ ಎರಡು ಬಾರಿ ಎಳೆದು ಗಿರಗಿರನೆ ಸುತ್ತಿಸಿದರು. ಪ್ರವಾಸಿಗಳ ಮಕ್ಕಳು ಕೇಕೆ ಹಾಕುವುದು ಈ ಆಟಕ್ಕೇ, ದುಡ್ಡು ಬರುವುದೂ ಇದಕ್ಕೇ. ನೆಟ್ಟಗೆ ನಡೆಸುವ ವಿದ್ಯೆಗೆ ಯಾರೂ ಮೆಚ್ಚಿ ಕಾಸು ಹೆಚ್ಚು ಕೊಟ್ಟವರಿಲ್ಲವಂತೆ.

ನೀರನ್ನು ಓದುವುದು ಅವರ ಇನ್ನೊಂದು ವಿದ್ಯೆ. ಮಡು ಎಲ್ಲಿ, ಸೆಳವು ಎಲ್ಲಿ, ನೀರಿನಡಿ ಬಂಡೆ ಎಷ್ಟು ಆಳದಲ್ಲಿ ಬೆನ್ನು ಅಡಗಿಸಿಕೊಂಡಿದೆ ಎಂಬುದನ್ನೆಲ್ಲ ಮೇಲ್ಮೈಯ ಸುಕ್ಕಿನಿಂದಲೇ ತಿಳಿಯುತ್ತಾರೆ. ಹೊಳೆಯ ಮಟ್ಟವನ್ನು ಅಳೆಯಲು ಅವರಿಗೆ ಪುರಂದರ ಮಂಟಪವೇ ಸಾಕು: ಜಗಲಿ ಕಂಡರೆ ನಿರ್ಭಯ, ಕಂಬದ ಬುಡ ತೊಯ್ದರೆ ಎಚ್ಚರ, ಮಂಟಪಕ್ಕೆ ನೀರು ನುಗ್ಗಿದರೆ ಹರಿಗೋಲನ್ನು ಹೊತ್ತು ಮನೆಗೆ. ದಾಸಶ್ರೇಷ್ಠರು ಕೂತು ಹಾಡಿದರೆಂದು ನಾವು ಭಕ್ತಿಯಿಂದ ನೋಡುವ ಮಂಟಪ ಅಂಬಿಗರಿಗೆ ಇಷ್ಟು ಲೌಕಿಕವಾದ ಉಪಕಾರವನ್ನೂ ಮಾಡುತ್ತಿದೆಯೆಂಬುದು ಸಂತೋಷದ ಸಂಗತಿ.

ಅಂದಿನ ಹಗಲು ಹೀಗೆ ಕಳೆಯಿತು. ಕೋಟಿಲಿಂಗದ ಬಂಡೆಯ ಬಳಿ, ನೀರಿನ ಅಂಚಿನಲ್ಲೇ ಸಾಲುಸಾಲಾಗಿ ಕೊರೆದ ಸಣ್ಣ ಲಿಂಗಗಳ ಮುಂದೆ, ತಾತ ಕೈಮುಗಿದು ನನ್ನಿಂದಲೂ ಮುಗಿಸಿದರು. ಬಂಡೆಗಳು ಒತ್ತಾಗಿ ಹಾದಿ ಕೊಡದಲ್ಲಿ ಇಳಿದು ನಡೆದೆವು. ಹಳೆಯ ಕಲ್ಲುಸೇತುವೆಯ ಕಂಬಗಳು ಮುರಿದ ಸಾಲಾಗಿ ಹೊಳೆಯೊಳಗೆ ನಿಂತಿರುವುದನ್ನು ನೋಡಿ, ತಳವಾರಘಟ್ಟದಲ್ಲಿ ಮತ್ತೆ ಹರಿಗೋಲು ಹತ್ತಿ, ಆನೆಗೊಂದಿಯ ಕಡೆ ಹೋದೆವು. ಅಲ್ಲಿಂದ ಕೃಷ್ಣದೇವರಾಯನ ಗುರುಗಳಾದ ವ್ಯಾಸರಾಯರ ವೃಂದಾವನವಿರುವ ನವವೃಂದಾವನದ ನಡುಗಡ್ಡೆಗೆ. ಎಲ್ಲಿಯೂ ಆತುರವಿರಲಿಲ್ಲ. ಒಂದೆಡೆ ನೀರುನಾಯಿಗಳ ಸಂಸಾರವೊಂದು ಬಂಡೆಯಿಂದ ಬಂಡೆಗೆ ಹಾರಿ ಮುಳುಗಿದುದನ್ನು ಕಂಡು ನಾನು ಹರ್ಷಗೊಂಡರೆ, ಬಲೆ ಹರಿಯುವ ಪ್ರಾಣಿಗಳೆಂದು ತಾತ ಗೊಣಗಿದರು. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಿರುವುದು ಅವರಿಗೆ ಗೊತ್ತಿದೆ. “ನೀರುನಾಯಿಗೆ ಕಾಗದ ಕೊಟ್ಟಾರ್ರಿ, ಅಂಬಿಗರಿಗೆ ಕೊಟ್ಟಿಲ್ಲ” ಎಂಬುದು ಅವರ ಟೀಕೆ. ಪರಿಸರವಾದಿಗಳು ಇದಕ್ಕೆ ಸಮರ್ಪಕವಾದ ಉತ್ತರ ಕೊಡಬಲ್ಲರು. ನನ್ನಲ್ಲಿ ಆಗ ಇರಲಿಲ್ಲ.

ಚರಿತ್ರೆಯೆಂದರೆ ತಾತನಿಗೆ ತನ್ನ ಅಪ್ಪ ಹೇಳಿದುದು. ಅವರು ಗಂಗಾಮತಸ್ಥರು; ಇದೇ ಹೊಳೆಯ ಮೇಲ್ಗಡೆ, ಹಾವೇರಿ ಸೀಮೆಯ ಚೌಡದಾನಪುರದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಅಂಬಿಗನಾಗಿದ್ದು ವಚನಕಾರನಾದ ಚೌಡಯ್ಯನನ್ನು ತಮ್ಮ ಮನೆಯ ಹಿರಿಯನೆಂಬಷ್ಟು ಸಲಿಗೆಯಿಂದ ನೆನೆಯುತ್ತಾರೆ. ಅಪ್ಪನ ಕಾಲಕ್ಕೆ ಈ ಹೊಳೆ ಎರಡು ರಾಜ್ಯಗಳ ಎಲ್ಲೆ: ಹಂಪಿಯ ದಡ ಮದರಾಸು ಪ್ರಾಂತದ ಬ್ರಿಟಿಷರದು, ಆನೆಗೊಂದಿಯ ದಡ ಹೈದರಾಬಾದಿನ ನಿಜಾಮರದು. ಹುಲ್ಲು ಮಾರಲು ಬಂದ ಹೆಂಗಸೂ, ಸಂತೆಗೆ ಹೊರಟ ಕುರಿಗಳೂ ಕಾಲುಗಂಟೆಯಲ್ಲಿ ಒಂದು ಸರ್ಕಾರವನ್ನು ಬಿಟ್ಟು ಇನ್ನೊಂದನ್ನು ಸೇರುತ್ತಿದ್ದುದು ಈ ಬಿದಿರಿನ ವಾಹನದಲ್ಲೇ. ರಜಾಕಾರರ ಹಾವಳಿಯ ದಿನಗಳಲ್ಲಿ ಅಪ್ಪ ದೀಪವಿಲ್ಲದೆ, ಹುಟ್ಟಿನ ಸದ್ದಾಗದಂತೆ, ಆಚೆಯ ದಡದ ಹೆಂಗಸರು ಮಕ್ಕಳನ್ನು ಈಚೆಗೆ ದಾಟಿಸಿದ ಕಥೆಯನ್ನು ತಾತ ಹೇಳುವಾಗ ದನಿ ತಾನೇ ತಗ್ಗಿತು. ರೈತರು ದಾಟುವ ಬಾಡಿಗೆಯನ್ನು ದಿನದಿನ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಕಾಳು ಅಳೆದುಕೊಡುತ್ತಿದ್ದರಂತೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ಆಚೆಯ ದಡವೂ ಬಂದು ಕೂಡಿತು. ಆದರೂ ಎಲ್ಲೆ ಪೂರ್ತಿ ಅಳಿಯಲಿಲ್ಲ: ಈಗ ಈ ದಡ ವಿಜಯನಗರ ಜಿಲ್ಲೆ, ಆ ದಡ ಕೊಪ್ಪಳ ಜಿಲ್ಲೆ.

ಹರಿಗೋಲು ಕಟ್ಟುವ ಕ್ರಮವನ್ನೂ ಇಲ್ಲಿ ಹೇಳತಕ್ಕದ್ದು. ಬಿದಿರನ್ನು ಉದ್ದಕ್ಕೆ ಸೀಳಿ, ದಬ್ಬೆಗಳನ್ನು ನೆಲದ ಮೇಲೆ ಒಂದರ ಮೇಲೊಂದು ಅಡ್ಡಹಾಯಿಸಿ ಹರಡಿ, ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಹೆಣೆಯುತ್ತಾರೆ. ತಳ ಸಾಕಷ್ಟು ಅಗಲವಾದ ಮೇಲೆ ಅದರ ಮೇಲೆ ಕಲ್ಲುಗುಂಡುಗಳನ್ನು ಹೇರಿ, ಹೊರಗುಳಿದ ದಬ್ಬೆಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸುತ್ತಾರೆ. ಬಿದಿರು ಹಸಿಯಾಗಿರಬೇಕು, ಒಣಗಿದರೆ ಬಗ್ಗುವ ಮೊದಲೇ ಸಿಡಿಯುತ್ತದೆ. ಅಂಚಿಗೆ ದಪ್ಪನಾದ ಕಟ್ಟು. ಹಿಂದೆ ಎಮ್ಮೆ ಎತ್ತುಗಳ ತೊಗಲನ್ನು ಹೊದಿಸುತ್ತಿದ್ದ ಮೈಗೆ ಈಗ ಗೊಬ್ಬರದ ಚೀಲಗಳನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊಲಿದು ಡಾಂಬರು ಬಳಿಯುತ್ತಾರೆ. ದಿನದ ಕೆಲಸ ಮುಗಿದ ಮೇಲೆ ಹೊಳೆಯಿಂದ ಎಳೆದು ಬೋರಲು ಹಾಕಿ ಒಣಗಿಸಬೇಕು, ಇಲ್ಲವಾದರೆ ಹೆಣಿಗೆ ಕೊಳೆಯುತ್ತದೆ. ಎಷ್ಟು ಜೋಪಾನ ಮಾಡಿದರೂ ಇದು ದೀರ್ಘಾಯುಷ್ಯದ ದೋಣಿಯಲ್ಲ. ಈ ನಶ್ವರತೆಯೇ ಇದನ್ನು ಉಳಿಸಿಕೊಂಡು ಬಂದಿರಬಹುದೆಂದು ನನಗೆ ಅನ್ನಿಸುತ್ತದೆ: ಮರುವರ್ಷ ಮತ್ತೆ ಕಟ್ಟಲೇಬೇಕಾದ್ದರಿಂದ, ಕಟ್ಟಲು ಬಲ್ಲವನೊಬ್ಬ ಪ್ರತಿ ತಲೆಮಾರಿನಲ್ಲಿಯೂ ಇರಲೇಬೇಕಾಯಿತು. ಹೊರಲೋಕದಲ್ಲೂ ಇದಕ್ಕೆ ಬಂಧುಗಳುಂಟು. ಯೂಫ್ರೇಟಿಸ್ ನದಿಯಲ್ಲಿ ದುಂಡಗಿನ ತೊಗಲು ದೋಣಿಗಳು ಕತ್ತೆಯನ್ನೂ ಕೂರಿಸಿಕೊಂಡು ಬಾಬಿಲೋನಿಗೆ ತೇಲಿ ಬರುತ್ತಿದ್ದುದನ್ನು, ಸರಕು ಮಾರಿದ ಮೇಲೆ ದೋಣಿಯನ್ನು ಬಿಚ್ಚಿ ತೊಗಲನ್ನು ಕತ್ತೆಯ ಮೇಲೆ ಹೇರಿ ಹಿಂದಿರುಗುತ್ತಿದ್ದುದನ್ನು ಗ್ರೀಕ್ ಚರಿತ್ರಕಾರ ಹೆರೊಡೋಟಸನು ವರ್ಣಿಸಿದ್ದಾನೆ. ತಾತನಿಗೆ ಈ ಕತ್ತೆಯ ಉಪಾಯ ಪಾಯೆಸನ ಮಾತಿಗಿಂತ ಬಹಳ ಹಿಡಿಸಿತು.

ಕಷ್ಟಗಳ ವಿಷಯಕ್ಕೆ ಬಂದರೆ, ಮೊದಲನೆಯದು ಹೊಳೆಯೇ. 1945ರ ಫೆಬ್ರುವರಿಯಲ್ಲಿ ಎರಡು ದಡಗಳಲ್ಲಿ ಎರಡು ಸರ್ಕಾರಗಳು ಶಂಕುಸ್ಥಾಪನೆ ಮಾಡಿ, 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯ ಸೀಮೆಗೆ ಅನ್ನ ಕೊಟ್ಟಿತು. ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಅಂದಿನಿಂದ ಹಂಪಿಯ ಹೊಳೆಗೆ ನೀರು ಬರುವುದು ಮಳೆಯನ್ನು ಕೇಳಿ ಅಲ್ಲ, ಗೇಟನ್ನು ಕೇಳಿ. 133 ಟಿಎಂಸಿ ಅಡಿಗೆಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿರುವುದರಿಂದ, ಮಳೆ ಜೋರಾದ ವರ್ಷ ಗೇಟುಗಳು ಬೇಗನೆ ತೆರೆಯುತ್ತವೆ, ಕಂಪ್ಲಿಯ ಸೇತುವೆ ಮುಳುಗುತ್ತದೆ, ಹರಿಗೋಲುಗಳು ದಡದಲ್ಲಿ ಬೋರಲು ಬೀಳುತ್ತವೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದ ರಾತ್ರಿಯನ್ನು ಹೊಳೆಯ ದಡದವರು ಇನ್ನೂ ಮರೆತಿಲ್ಲ. ಬೇಸಿಗೆಯಲ್ಲಾದರೋ ಬಂಡೆಗಳ ನಡುವೆ ತೇಲಲು ನೀರೇ ಸಾಲದು. ಹೀಗೆ ಅಂಬಿಗನ ವರ್ಷ ಎರಡು ತುದಿಗಳಿಂದಲೂ ಸವೆಯುತ್ತ ಬಂದಿದೆ.

ಎರಡನೆಯದು ಸೇತುವೆ. ತಳವಾರಘಟ್ಟದಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ಕೆಲಸ, 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ನೋಟಕ್ಕೆ ಧಕ್ಕೆಯೆಂಬ ಆಕ್ಷೇಪದಿಂದ ವರ್ಷಗಟ್ಟಲೆ ನಿಂತು, ಮತ್ತೆ ಮೊದಲಾಗಿ, 2009ರ ಜನವರಿಯಲ್ಲಿ ಕೆಲಸಗಾರರನ್ನು ಬಲಿತೆಗೆದುಕೊಂಡು ಹೊಳೆಗೆ ಕುಸಿಯಿತು. ಕೆಳಗೆ ಬುಕ್ಕಸಾಗರದಿಂದ ಕಡೇಬಾಗಿಲಿಗೆ ಬೇರೆ ಸೇತುವೆ ಬಂದಿದೆ. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಕಾರಿನಲ್ಲಿ ಕೂರಿಸಿ ದಾಟಿಸುವುದು ಸಾಧ್ಯವಾದ ಮೇಲೆ ಹರಿಗೋಲೇ ಚೆನ್ನಾಗಿತ್ತೆಂದು ಹಲುಬುವುದು ಪೇಟೆಯಲ್ಲಿ ಕೂತು ಬರೆಯುವವರ ಚಾಪಲ್ಯ. ತಾತನಂತೂ ಸೇತುವೆಯನ್ನು ದೂರಲಿಲ್ಲ. ಸೊಸೆಯನ್ನು ಗಂಗಾವತಿಯ ಆಸ್ಪತ್ರೆಗೆ ಒಯ್ದುದು ಅದರ ಮೇಲೇ. ಬೈಕು, ಸೈಕಲ್ಲು, ಮೇಕೆಗಳನ್ನು ದಾಟಿಸುತ್ತಿದ್ದ ಕಾಲ ಹೋಗಿ, ಈಗ ದಾಟುವವರು ನೋಡಲು ಬಂದವರು ಮಾತ್ರ. ಅವರಲ್ಲೂ ಅರ್ಧ ಜನ ಮೋಟಾರು ದೋಣಿಯ ಕಡೆ ಹೋಗುತ್ತಾರೆ.

ಮೂರನೆಯದರ ಬಗ್ಗೆ ನನಗೆ ಕೊಂಚ ಕೋಪವೇ ಇದೆ. ಹಂಪಿಯಲ್ಲಿ ಕಲ್ಲಿನ ತೇರಿಗೆ ಸರಪಳಿ ಬೇಲಿಯುಂಟು, ಸಂಗೀತದ ಕಂಬಗಳನ್ನು ಮುಟ್ಟದಂತೆ ಕಾವಲುಗಾರರುಂಟು, ಪ್ರತಿ ಮಂಟಪಕ್ಕೂ ಸಂಖ್ಯೆಯುಂಟು. ಇವೆಲ್ಲ ಅವಶ್ಯ. ಆದರೆ ವಿಜಯನಗರದ ಪ್ರಜೆ ದಿನನಿತ್ಯ ಬಳಸುತ್ತಿದ್ದ, ಅಂದಿನ ರೂಪದಲ್ಲೇ ಇಂದಿಗೂ ಚಲಿಸುತ್ತಿರುವ ಈ ವಸ್ತುವಿನ ಕೂದಲೂ ಕೊಂಕದಂತೆ ನೋಡಿಕೊಳ್ಳುವವರಿರಲಿ, ಇದನ್ನು ಸ್ಮಾರಕಗಳ ಸಾಲಿನಲ್ಲಿ ಲೆಕ್ಕಕ್ಕೆ ಹಿಡಿಯುವವರೂ ಕಾಣುವುದಿಲ್ಲ. ಉತ್ಸವದ ಭಾಷಣಗಳಲ್ಲಿ ಗತವೈಭವವೆಂಬುದು ಸತ್ತುದಕ್ಕೇ ಮೀಸಲು. ಕಲ್ಲಿನ ಮೇಲೆ ಸುಣ್ಣದ ಗಾರೆ ಉದುರಿದರೆ ವರದಿಯಾಗುತ್ತದೆ. ಬಿದಿರು ಹೆಣೆಯಬಲ್ಲ ಮುದುಕನೊಬ್ಬ ಹೆಣಿಗೆಯನ್ನು ಬಿಟ್ಟರೆ ಅದು ಸುದ್ದಿಯಲ್ಲ. ಬಿದಿರಿಗೆ ಸುಲಭ ದರ, ಅಂಬಿಗರಿಗೆ ಎರಡು ಜಿಲ್ಲೆಗಳಿಗೂ ಸಲ್ಲುವ ಒಂದೇ ಪರವಾನಗಿ, ನೀರು ಬಿಡುವ ಮುನ್ನ ದಡಕ್ಕೆ ಮುಟ್ಟುವಂತೆ ಮುನ್ಸೂಚನೆ, ಪ್ರತಿಯೊಬ್ಬ ಪ್ರಯಾಣಿಕನಿಗೂ ಜಾಕೆಟ್ಟು: ಇವಿಷ್ಟು ದೊಡ್ಡ ಖರ್ಚಿನ ಬಾಬುಗಳೇನೂ ಅಲ್ಲ.

ತಾತನ ಹಿರಿಯ ಮಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದಾನೆ. ಸಂಡೂರಿನ ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ ಕಿರಿಯವನು ಕ್ಲೀನರಾಗಿ ಹೋಗಿ, ಗಣಿಗಳು ನಿಂತಾಗ ತಿರುಗಿ ಬಂದು ಹುಟ್ಟು ಹಿಡಿದನು. ಅವನು ನೆಟ್ಟಗೂ ನಡೆಸಬಲ್ಲ, ಸುತ್ತಿಸಲೂ ಬಲ್ಲ. ಹೆಣೆಯಲು ಮಾತ್ರ ಕಲಿತಿಲ್ಲ. ಈಗಿನ ಹರಿಗೋಲಿನ ಅಂಚು ಒಂದು ಕಡೆ ಬಿಟ್ಟುಕೊಂಡಿದೆ, ಇನ್ನೊಂದು ಮಳೆಗಾಲವನ್ನು ಅದು ತಡೆಯುವಂತಿಲ್ಲ. ಫೈಬರಿನದೊಂದನ್ನು ತರಿಸಿದರೆ ಡಾಂಬರಿನ ರಗಳೆಯಿಲ್ಲ, ಒಣಗಿಸುವ ಕೆಲಸವಿಲ್ಲ, ಹಲವು ವರ್ಷ ಬರುತ್ತದೆ ಎನ್ನುತ್ತಾನೆ ಕಿರಿಯ. ಲೆಕ್ಕಕ್ಕೆ ಅವನ ಮಾತೇ ಸರಿ. ತಾತ ಬೇಡವೆಂದಿಲ್ಲ. ಕಂಪ್ಲಿಯ ಕಡೆ ಹಸಿಬಿದಿರು ಬಂದಿದೆಯೆಂದು ಯಾರೋ ಹೇಳಿದ್ದರಿಂದ, ದರ ಕೇಳಿ ಬಾ ಎಂದು ಮೊಮ್ಮಗನನ್ನು ಅಲ್ಲಿಗೆ ಕಳುಹಿಸಿದ್ದಾರೆ.